ಪದ ಬೇಕು: ಫ್ಯಾಂಟಸಿ ಫುಟ್‌ಬಾಲ್‌ನ 'ಟ್ರೇಡ್', ಮತ್ತೆ ಆಟಗಾರ 'ಎಷ್ಟು ಬಾಳ್ತಾನೆ' ಅನ್ನೋದು

ಎಲ್ಲರಿಗೂ ನಮಸ್ಕಾರ,

ನಾನು ಡಾಲಸ್ ಕಡೆ ಇರೋನು. ಇಲ್ಲಿ ನಮ್ಮದೊಂದು ಫ್ಯಾಂಟಸಿ ಫುಟ್‌ಬಾಲ್ ಲೀಗ್ ಇದೆ, 12 ಜನ, ಬಹುಪಾಲು ಕನ್ನಡದವರೇ, ವಾಟ್ಸಾಪ್‌ನಲ್ಲಿ ಕಾಲೆಳೆಯೋದೆಲ್ಲ ಕನ್ನಡದಲ್ಲೇ ನಡೆಯುತ್ತೆ, ಆದ್ರೆ ಯಾವುದಾದ್ರೂ ಟ್ರೇಡ್ ಬಗ್ಗೆ ಜಗಳ ಶುರುವಾಯ್ತು ಅಂದ್ರೆ ಎಲ್ಲರೂ ಇಂಗ್ಲಿಷಿಗೆ ಹಾರಿಬಿಡ್ತಾರೆ. ಈ ಸಲ ಟ್ರೇಡ್ ನಿಯಮಗಳನ್ನ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಬರೆಯೋಕೆ ಕೂತಾಗ ಕೆಲವು ಪದಗಳು ಸಿಕ್ಕವು, ಕೆಲವು ಸಿಗಲಿಲ್ಲ, ಸಿಕ್ಕ ಪದಗಳಲ್ಲೂ ಒಂದೆರಡು ಸರೀನಾ ಅಂತ ಅನುಮಾನ. ಅದಕ್ಕೇ ಇಲ್ಲಿ ಹಾಕ್ತಿದೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್, ಚೆಂಡನ್ನ ಕಂಕುಳಲ್ಲಿ ಅವುಚಿಕೊಂಡು ಓಡೋದು, ಹಾಗಾಗಿ ದಯವಿಟ್ಟು ಕಾಲ್ಚೆಂಡು ಅಂತ ಮಾತ್ರ ಅನ್ನಬೇಡಿ. ಅದರ ಫ್ಯಾಂಟಸಿ ಆಟಕ್ಕೆ ಈಗ ಅರವತ್ತು ವರ್ಷದ ಮೇಲಾಯ್ತು, 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಪಾಲು ಇದ್ದ ಬಿಲ್ ವಿಂಕೆನ್‌ಬಾಕ್ ಅನ್ನೋರು ಒಂದಿಬ್ಬರ ಜೊತೆ ಕೂತು ಇದರ ನಿಯಮ ಬರೆದರು. ಸೀಸನ್‌ಗೆ ಮುಂಚೆ ಡ್ರಾಫ್ಟ್‌ನಲ್ಲಿ ಸರದಿ ಮೇಲೆ ಆಟಗಾರರನ್ನ ಆರಿಸ್ಕೋತೀವಿ, ಅವರು ನಿಜವಾದ ಮ್ಯಾಚ್‌ಲ್ಲಿ ಎಷ್ಟು ಗಜ ಓಡಿದ್ರು, ಎಷ್ಟು ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿಸೋದು) ಮಾಡಿದ್ರು ಅನ್ನೋದರ ಮೇಲೆ ನಮಗೆ ಪಾಯಿಂಟ್. 10 ಗಜಕ್ಕೆ 1 ಪಾಯಿಂಟ್, ಟಚ್‌ಡೌನ್‌ಗೆ 6. ಪಿಪಿಆರ್ ಅನ್ನೋ ಪದ್ಧತಿ ಇದ್ರೆ ಹಿಡಿದ ಪ್ರತಿ ಕ್ಯಾಚ್‌ಗೂ ಇನ್ನೊಂದು ಪಾಯಿಂಟ್. ಮುಖ್ಯವಾದ ಮಾತು ಏನಪ್ಪಾ ಅಂದ್ರೆ ಒಂದು ಲೀಗಲ್ಲಿ ಒಬ್ಬ ಆಟಗಾರ ಒಬ್ಬರ ಹತ್ರ ಮಾತ್ರ ಇರ್ತಾನೆ. ಡ್ರೀಮ್11 ಥರ ಒಂದು ದಿನದ ಆಟ ಅಲ್ಲ, ಎಲ್ಲರೂ ಕೊಹ್ಲಿನ ಹಾಕ್ಕೊಂಡು ಕೂರೋಕಾಗಲ್ಲ. ನಿಮ್ಮ ಹತ್ರ ಇರೋನು ನನಗೆ ಬೇಕು ಅಂದ್ರೆ ನಾನು ನಿಮಗೆ ಏನಾದ್ರೂ ಕೊಡಲೇಬೇಕು, ಟ್ರೇಡ್ ಹುಟ್ಟೋದೇ ಇಲ್ಲಿ.

ಮೊದಲ ಪ್ರಶ್ನೆ, ಈ ಟ್ರೇಡ್‌ಗೆ ಏನನ್ನೋಣ? 'ವರ್ಗಾವಣೆ' ಅಂತ ಒಬ್ಬರು ಸೂಚಿಸಿದ್ರು. ಇಂಗ್ಲೆಂಡ್ ಪ್ರೀಮಿಯರ್ ಲೀಗ್ ಫ್ಯಾಂಟಸಿಯಲ್ಲಿ ಒಬ್ಬನ್ನ ತೆಗೆದು ಇನ್ನೊಬ್ಬನ್ನ ಹಾಕ್ಕೊಳೋದಕ್ಕೆ ಅದು ನಡೆಯುತ್ತೆ, ಅಲ್ಲಿ ಎದುರಿಗೆ ಯಾರೂ ಚೌಕಾಸಿ ಮಾಡಲ್ಲ. ನಮ್ಮದಕ್ಕೆ ಬರಲ್ಲ, ಮೇಲಾಗಿ ತಹಸೀಲ್ದಾರ್‌ನ ಬೀದರ್‌ಗೆ ಹಾಕಿದ ಹಾಗೆ ಕೇಳಿಸುತ್ತೆ. 'ಅದಲುಬದಲು' ಚೆನ್ನಾಗಿದೆ, ಆದ್ರೆ ಅದರಲ್ಲಿ ಗೊತ್ತಿಲ್ಲದೆ ಆಗೋ ವಾಸನೆ ಇದೆ, ದೇವಸ್ಥಾನದ ಮುಂದೆ ಚಪ್ಪಲಿ ಅದಲುಬದಲಾಗುತ್ತಲ್ಲ ಹಾಗೆ. 'ವಿನಿಮಯ' ಪುಸ್ತಕದ ಮಾತು. ಐಪಿಎಲ್ ಬಗ್ಗೆ ಬರೆಯೋರು ನೇರವಾಗಿ ಟ್ರೇಡ್ ಅಂತಲೇ ಬರೀತಾರೆ, 2023ರ ನವೆಂಬರ್‌ನಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈಯಿಂದ ಆರ್‌ಸಿಬಿಗೆ ಬಂದಾಗ ಎಲ್ಲ ಕಡೆ ಅದೇ ಪದ, ನೋಡಿದ್ರೆ ಅದು ಬರೀ ದುಡ್ಡು ಕೊಟ್ಟು ತಗೊಂಡಿದ್ದು, ಪ್ರತಿಯಾಗಿ ಆಟಗಾರನೇ ಹೋಗಲಿಲ್ಲ. ಅದನ್ನ ಖರೀದಿ ಅಂದಿದ್ರೂ ಸಾಕಾಗಿತ್ತು.

ನನಗೆ ಹಿಡಿಸಿರೋದು 'ಸಾಟಿ'. ಸಾಟಿ ವ್ಯಾಪಾರ ಅಂದ್ರೆ ದುಡ್ಡಿಲ್ಲದೆ ವಸ್ತುವಿಗೆ ವಸ್ತು ಅನ್ನೋದು ಶಾಲೆ ಪಾಠದಲ್ಲೇ ಇತ್ತು. ಅದರ ಜೊತೆಗೆ 'ಅವನಿಗೆ ಇವನು ಸಾಟಿನಾ?' ಅನ್ನೋ ಇನ್ನೊಂದು ಅರ್ಥಾನೂ ಇದೆಯಲ್ಲ, ಟ್ರೇಡ್ ಬಂದಾಗ ಎಲ್ಲರೂ ಕೇಳೋ ಪ್ರಶ್ನೆಯೇ ಅದು. ಒಂದು ಪದಕ್ಕೆ ಎರಡೂ ಕೆಲಸ. ಆದ್ರೆ ಕ್ರಿಯಾಪದ ಹೇಗೆ ಮಾಡೋದು, 'ಸಾಟಿ ಮಾಡ್ಕೊಂಡ್ವಿ' ಅಂದ್ರೆ ನಿಮ್ಮ ಕಿವಿಗೆ ಸರಿ ಬೀಳುತ್ತಾ? ನಿಮ್ಮೂರ ಕಡೆ ಯಾರಾದ್ರೂ ಹಾಗೆ ಅಂತಾರಾ?

ಎರಡನೇದು ನಿಜವಾದ ತಲೆನೋವು. ಇಂಗ್ಲಿಷಲ್ಲಿ ಎಲ್ಲದಕ್ಕೂ 'ವ್ಯಾಲ್ಯೂ' ಅಂದು ಕೈತೊಳ್ಕೋತಾರೆ. ವಾರವಾರ ಎಷ್ಟೋ ವೆಬ್‌ಸೈಟುಗಳು ಟ್ರೇಡ್ ವ್ಯಾಲ್ಯೂ ಚಾರ್ಟ್ ಅಂತ ಹಾಕ್ತವೆ, ಇವನಿಗೆ 50, ಅವನಿಗೆ 35, ಅಂತ. ಇದಕ್ಕೆ 'ದರಪಟ್ಟಿ' ಅನ್ನೋದು ಸಲೀಸು. ಇಂಥ ಪಟ್ಟಿ ಪ್ರಸಿದ್ಧವಾಗಿದ್ದು ನಮ್ಮೂರ ಎನ್‌ಎಫ್‌ಎಲ್ ತಂಡ ಡಾಲಸ್ ಕೌಬಾಯ್ಸ್‌ನಿಂದಲೇ, 1990ರ ದಶಕದ ಶುರುವಿನಲ್ಲಿ ಕೋಚ್ ಜಿಮ್ಮಿ ಜಾನ್ಸನ್ ಕಾಲದಲ್ಲಿ ನಿಜವಾದ ತಂಡಗಳು ಹೊಸ ಆಟಗಾರರನ್ನ ಆರಿಸೋ ಡ್ರಾಫ್ಟ್‌ನ ಪ್ರತಿ ಸರದಿಗೂ ಒಂದೊಂದು ಅಂಕಿ ಕಟ್ಟಿದ್ರು, ಮೊದಲನೇ ಸರದಿಗೆ 3000, ಎರಡನೇದಕ್ಕೆ 2600, ಹದಿನಾರನೇದಕ್ಕೆ 1000. ಅಂದ್ರೆ ಹದಿನಾರನೇ ಸರದಿಯಂಥವು ಮೂರು ಸೇರಿದ್ರೆ ಮೊದಲನೇದಕ್ಕೆ ಸಮ. ನಿಜವಾದ ತಂಡಕ್ಕೆ ಈ ಕೂಡೋ ಲೆಕ್ಕ ಹೇಗೋ ನಡೆಯುತ್ತೆ, ಅವರ ಹತ್ರ 53 ಜನರಿಗೆ ಜಾಗ ಇರುತ್ತೆ. ಫ್ಯಾಂಟಸಿಯಲ್ಲಿ ವಾರಕ್ಕೆ ಒಂಬತ್ತೋ ಹತ್ತೋ ಜನರನ್ನ ಮಾತ್ರ ಆಡಿಸೋದು, ಉಳಿದೋರು ಬೆಂಚಲ್ಲಿ ಕೂತು ಸೊನ್ನೆ. ಕೂಡೋ ಲೆಕ್ಕ ಅಲ್ಲಿ ಕೈಕೊಡುತ್ತೆ.

ಒಂದು ಉದಾಹರಣೆ ಲೆಕ್ಕ ಹಾಕಿ ತೋರಿಸ್ತೀನಿ, ಅಂಕಿ ನಾನೇ ಇಟ್ಕೊಂಡಿದ್ದು. ವಾರಕ್ಕೆ ಸರಾಸರಿ 18 ಪಾಯಿಂಟ್ ತರೋ ರನ್ನಿಂಗ್ ಬ್ಯಾಕ್ (ಚೆಂಡು ಹಿಡ್ಕೊಂಡು ಓಡೋನು) ಒಬ್ಬನ್ನ ಕೊಟ್ಟು, 13 ಮತ್ತೆ 12 ತರೋ ಇಬ್ಬರು ರನ್ನಿಂಗ್ ಬ್ಯಾಕ್‌ಗಳನ್ನ ತಗೋತೀನಿ. ದರಪಟ್ಟಿ ನೋಡೋರು 'ಗುರು, 18 ಕೊಟ್ಟು 25 ಹೊಡ್ಕೊಂಡ, ಜಾಕ್‌ಪಾಟ್' ಅಂತಾರೆ. ಈಗ ತಂಡ ನೋಡಿ. ಮೊದಲು ನನ್ನ ಇಬ್ಬರು ರನ್ನಿಂಗ್ ಬ್ಯಾಕ್ 18 ಮತ್ತೆ 11, ರಿಸೀವರ್‌ಗಳು (ಎಸೆದ ಚೆಂಡನ್ನ ಹಿಡಿಯೋರು) 15 ಮತ್ತೆ 12, ಫ್ಲೆಕ್ಸ್ ಅಂದ್ರೆ ಇವೆರಡರಲ್ಲಿ ಯಾವ ಥರದೋನನ್ನಾದ್ರೂ ಹಾಕಬಹುದಾದ ಜಾಗದಲ್ಲಿ 10, ಒಟ್ಟು 66. ಟ್ರೇಡ್ ಆದ್ಮೇಲೆ 13, 12, ರಿಸೀವರ್‌ಗಳು ಅವರೇ 15 ಮತ್ತೆ 12, ಫ್ಲೆಕ್ಸ್‌ಗೆ ಆ 11ರವನು, ಒಟ್ಟು 63. ವಾರಕ್ಕೆ ಮೂರು ಪಾಯಿಂಟ್ ಕಳ್ಕೊಂಡೆ. ಅದೇ ಟ್ರೇಡನ್ನ ನನ್ನ ಬದಲು ಬೇರೊಬ್ಬ ಮಾಡಿದ ಅನ್ನಿ, ಅವನ ತಂಡದಲ್ಲಿ ಎರಡನೇ ರನ್ನಿಂಗ್ ಬ್ಯಾಕ್ ಗಾಯ ಮಾಡ್ಕೊಂಡು ಕೂತಿದಾನೆ, ಅವನ ಜಾಗಕ್ಕೆ ತಂದೋನು 5 ತರ್ತಾನೆ, ಫ್ಲೆಕ್ಸ್ 6, ಮಿಕ್ಕಿದ್ದೆಲ್ಲ ನನ್ನ ತಂಡದ ಹಾಗೇ ಅಂತಿಟ್ಕೊಳಿ, ಆಗ 56 ಇದ್ದಿದ್ದು 58 ಆಗುತ್ತೆ, ಎರಡು ಲಾಭ. ಆಟಗಾರರು ಅವರೇ, ದರಪಟ್ಟಿನೂ ಅದೇ.

ಇದಕ್ಕೆ ಕನ್ನಡದಲ್ಲಿ ಆಗಲೇ ಜೋಡಿ ಇದೆ ಅನ್ನೋದು ನನ್ನ ವಾದ. ಒಂದು 'ಬೆಲೆ', ಇನ್ನೊಂದು 'ಬಾಳೋದು'. ಬೆಲೆ ಅಂದ್ರೆ ಪೇಟೆ ಹೇಳೋದು, ದರಪಟ್ಟಿಯಲ್ಲಿರೋದು. 'ಅಷ್ಟು ಬಾಳಲ್ಲ ಬಿಡಿ' ಅಂತೀವಲ್ಲ, ಅದು ನನ್ನ ಕೈಯಲ್ಲಿ ಅದರ ಯೋಗ್ಯತೆ ಎಷ್ಟು ಅನ್ನೋದು. 'ಬೆಲೆ 50 ಇರಬಹುದು, ನನಗೆ 30 ಕೂಡ ಬಾಳಲ್ಲ' ಅಂದ್ರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 'ಮೌಲ್ಯ' ತಂದ್ರೆ ಎರಡೂ ಕಲಸಿಹೋಗುತ್ತೆ, ಅದಕ್ಕೆ ನಾನು ಮೌಲ್ಯ ಅನ್ನೋದನ್ನ ಬೇಕಂತಲೇ ಬಿಟ್ಟಿದೀನಿ. ಉತ್ತರ ಕರ್ನಾಟಕದ ಗೆಳೆಯರೊಬ್ಬರು 'ಕಿಮ್ಮತ್ತು' ಅಂತಾರೆ, ಅವರ ಬಾಯಲ್ಲಿ ಅದು ಬೆಲೆಗೂ ಬರುತ್ತೆ, ಗೌರವಕ್ಕೂ ಬರುತ್ತೆ, 'ನಿನ್ನ ಮಾತಿಗೆ ಕಿಮ್ಮತ್ತಿಲ್ಲ' ಅಂದ ಹಾಗೆ. ಧಾರವಾಡ, ವಿಜಯಪುರದ ಕಡೆಯವರು ಇದ್ರೆ ಹೇಳಿ, ಬಾಳೋದು ಅನ್ನೋ ಅರ್ಥದಲ್ಲಿ ನೀವು ಏನಂತೀರಿ?

ಬಾಳೋದು ಅನ್ನೋದು ಲೀಗಿನ ನಿಯಮದ ಮೇಲೂ ನಿಂತಿದೆ. 2024ರ ಸೀಸನ್ ತಗೊಳಿ, ಬಾಲ್ಟಿಮೋರ್‌ನ ಡೆರಿಕ್ ಹೆನ್ರಿ ಓಡಿದ್ದು 1921 ಗಜ, 16 ಟಚ್‌ಡೌನ್, ಅದರ ಮೇಲೆ 19 ಕ್ಯಾಚು, 193 ಗಜ, ಇನ್ನೆರಡು ಟಚ್‌ಡೌನ್. ಸಿನ್ಸಿನಾಟಿಯ ಜಮಾರ್ ಚೇಸ್ 127 ಕ್ಯಾಚು, 1708 ಗಜ, 17 ಟಚ್‌ಡೌನ್. ಫಂಬಲ್ (ಚೆಂಡು ಕೈಜಾರಿಸೋದು) ಗಿಂಬಲ್ ಬಿಟ್ಟು ಲೆಕ್ಕ ಹಾಕಿದ್ರೆ, ಕ್ಯಾಚಿಗೆ ಪಾಯಿಂಟ್ ಇಲ್ಲದ ಲೀಗಲ್ಲಿ ಹೆನ್ರಿ 319, ಚೇಸ್ 273ರ ಆಸುಪಾಸು. ಪಿಪಿಆರ್ ಲೀಗಲ್ಲಿ ಚೇಸ್ 400ರ ಹತ್ರ ಹೋಗ್ತಾನೆ, ಹೆನ್ರಿ 338ಕ್ಕೆ ನಿಲ್ತಾನೆ. ಒಂದು ನಿಯಮ ಬದಲಾದ್ರೆ ಮೇಲಿದ್ದೋನು ಕೆಳಗೆ. ಯಾವ ಲೀಗಿಗೆ ಮಾಡಿದ ದರಪಟ್ಟಿ ಅಂತ ನೋಡದೆ ವಾಟ್ಸಾಪಿಗೆ ಸ್ಕ್ರೀನ್‌ಶಾಟ್ ಹಾಕೋರಿಗೆ ಇದನ್ನ ಎಷ್ಟು ಸಲ ಹೇಳಿದ್ರೂ ಅಷ್ಟೇ.

ಇನ್ನು ಯಾರ ಕೈಗೆ ಹೋಗುತ್ತೆ ಅನ್ನೋದು. ಅದೇ 2024ರಲ್ಲಿ ಡ್ರಾಫ್ಟ್‌ಗಳಲ್ಲಿ ಬಹುತೇಕ ಎಲ್ಲ ಕಡೆ ಮೊದಲು ಹೋದೋನು ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಶ್ಚಿಯನ್ ಮೆಕಾಫ್ರಿ, ಆಮೇಲೆ ಇಡೀ ಸೀಸನ್‌ಗೆ ಆಡಿದ್ದು ನಾಲ್ಕೇ ಮ್ಯಾಚು. ಮೊದಲ ವಾರವೇ ಅವನ ಬದಲು ಬಂದ ಜೋರ್ಡನ್ ಮೇಸನ್ 147 ಗಜ ಓಡಿಬಿಟ್ಟ. ಆ ಮೇಸನ್ ಮಿಕ್ಕವರಿಗೆಲ್ಲ ಒಬ್ಬ ಒಳ್ಳೆ ಆಟಗಾರ ಅಷ್ಟೇ, ಮೆಕಾಫ್ರಿ ಇಟ್ಕೊಂಡು ಒದ್ದಾಡ್ತಿದ್ದೋನಿಗೆ ಪ್ರಾಣ. ಹೀಗೆ ದೊಡ್ಡ ಆಟಗಾರನ ಬೆನ್ನಿಗಿರೋ ಎರಡನೆಯವನಿಗೆ ಇಂಗ್ಲಿಷಲ್ಲಿ ಹ್ಯಾಂಡ್‌ಕಫ್ ಅಂತಾರೆ. 'ಕೈಕೋಳ' ಅಂದ್ರೆ ಪೊಲೀಸ್ ಸ್ಟೇಷನ್ ನೆನಪಾಗುತ್ತೆ. ನಾನು 'ಒತ್ತಾಸೆ' ಅಂತ ಬರೆದಿದೀನಿ, 'ಮೆಕಾಫ್ರಿಗೆ ಒತ್ತಾಸೆಯಾಗಿ ಮೇಸನ್‌ನ ಇಟ್ಕೊ' ಅಂತ. ಹೊಂದುತ್ತೆ ಅನ್ಸುತ್ತೆ.

ಸಿಗದೇ ಇರೋ ಪದ ಇದು: ಇಂಗ್ಲಿಷಲ್ಲಿ 'ರಿಪ್ಲೇಸ್‌ಮೆಂಟ್ ಲೆವೆಲ್' ಅಂತಾರೆ, ಬೇಸ್‌ಬಾಲ್ ಲೆಕ್ಕಾಚಾರದಲ್ಲೂ ಇದೇ ಮಾತು. ಅಂದ್ರೆ ಯಾರ ತಂಡದಲ್ಲೂ ಇಲ್ಲದೆ ವೇವರ್‌ನಲ್ಲಿ (ಯಾರ ಹತ್ರಾನೂ ಇಲ್ಲದವರ ಪಟ್ಟಿ) ಸುಮ್ಮನೆ ಸಿಗೋನು ವಾರಕ್ಕೆ ಎಷ್ಟು ತರ್ತಾನೆ ಅನ್ನೋ ಮಟ್ಟ. ಇದಿಲ್ಲದೆ ಟ್ರೇಡ್ ತೂಗೋಕೇ ಆಗಲ್ಲ. ಮೇಲಿನ ಉದಾಹರಣೆಯಲ್ಲಿ ಇಬ್ಬರನ್ನ ಕೊಟ್ಟು ಒಬ್ಬನ್ನ ತಗೊಂಡೋನಿಗೆ ಒಂದು ಜಾಗ ಖಾಲಿ ಆಗುತ್ತಲ್ಲ, ಅಲ್ಲಿಗೆ 8 ಪಾಯಿಂಟಿನ ಯಾರೋ ಒಬ್ಬ ಬಿಟ್ಟಿ ಸಿಕ್ಕಿದ್ರೆ 18 ಮತ್ತೆ 8 ಸೇರಿ 26, ಕೊಟ್ಟಿದ್ದು 25. ಅವನಿಗೇ ಲಾಭ. 'ಬದಲಿ ಆಟಗಾರ' ಅನ್ನೋಕಾಗಲ್ಲ, ಅದು ಮ್ಯಾಚ್ ಮಧ್ಯೆ ಒಳಗೆ ಬರೋನು. ಸದ್ಯಕ್ಕೆ 'ಬಿಟ್ಟಿಮಟ್ಟ' ಅಂತ ಬರೆದಿದೀನಿ, 'ಇವನು ಬಿಟ್ಟಿಮಟ್ಟಕ್ಕಿಂತ ಹತ್ತು ಮೇಲೆ' ಅಂತ ವಾಕ್ಯ ಮಾಡಬಹುದು. ನಮ್ಮಲ್ಲಿ ಒಬ್ಬರು ಬಿಟ್ಟಿ ಅಂದ್ರೆ ಕೀಳು ಮಾತು, 'ಪುಕ್ಕಟೆ' ಹಾಕಿ ಅಂದ್ರು. ನನಗೆ ಪುಕ್ಕಟೆ ಇನ್ನೂ ಹಗುರ ಅನ್ಸುತ್ತೆ. ನೀವೇ ಹೇಳಿ.

ವೀಟೋ ವಿಷಯಕ್ಕೆ ಬಂದ್ರೆ ಪದದ ಕಷ್ಟ ಇಲ್ಲ, ಜನರ ಕಷ್ಟ. ಒಂದೇ ಕಡೆ ವಾಲಿರೋ ಟ್ರೇಡ್ ಕಂಡ ತಕ್ಷಣ ಉಳಿದೋರು ವೋಟ್ ಹಾಕಿ ಹೊಡೆದುಹಾಕ್ತಾರೆ. ನಾನು ನಿಯಮದಲ್ಲಿ ಬರೆದಿರೋದು ಇಷ್ಟೇ: ಮೋಸ ಹೋಗೋಕೆ ಎಲ್ಲರಿಗೂ ಹಕ್ಕಿದೆ, ಇಬ್ಬರು ಶಾಮೀಲಾಗಿದ್ರೆ ಮಾತ್ರ ವೀಟೋ. ಸೋತು ಹೊರಬಿದ್ದೋನು ತನ್ನ ಒಳ್ಳೆ ಆಟಗಾರನ್ನ ಗೆಳೆಯನಿಗೆ ದಾನ ಮಾಡೋದು ಶಾಮೀಲು. ಗೊತ್ತಿಲ್ಲದೆ ಚೇಸ್‌ನ ಕಮ್ಮಿಗೆ ಕೊಟ್ರೆ ಅದು ಅವನ ಹಣೆಬರಹ. ಶಾಮೀಲು ಅನ್ನೋ ಪದದ ಬಗ್ಗೆ ಮಾತ್ರ ಯಾರೂ ತಕರಾರು ತೆಗೆದಿಲ್ಲ, ಟೀವಿ ನ್ಯೂಸ್ ಪುಣ್ಯ.

ಕೊನೇ ಪ್ರಶ್ನೆ ದನದ ಜಾತ್ರೆ ಕಂಡೋರಿಗೆ. ಘಾಟಿ ಸುಬ್ರಹ್ಮಣ್ಯದಂಥ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸ್ತಾರಲ್ಲ, ಅಲ್ಲಿ ಜೋಡಿಗೆ ಜೋಡಿ ಬದಲು ಮಾಡ್ಕೊಂಡಾಗ ಒಂದು ಕಡೆ ಎತ್ತು ಕಮ್ಮಿ ಬಾಳಿದ್ರೆ ಆ ವ್ಯತ್ಯಾಸಕ್ಕೆ ಮೇಲೆ ಒಂದಿಷ್ಟು ದುಡ್ಡು ಸೇರಿಸಿ ಕೊಡಬೇಕಾಗುತ್ತೆ. ಆ ಮೇಲಿನ ದುಡ್ಡಿಗೆ ನಿಮ್ಮ ಕಡೆ ಹೆಸರಿದೆಯಾ? ನಮ್ಮ ಲೀಗಲ್ಲಿ ವೇವರ್‌ನಿಂದ ಆಟಗಾರರನ್ನ ತಗೊಳೋಕೆ ಅಂತ ಸೀಸನ್‌ಗೆ ತಲಾ 100 ಆಟದ ಡಾಲರ್ ಇರುತ್ತೆ, ಟ್ರೇಡ್ ಸರಿದೂಗಿಸೋಕೆ ಅದರಲ್ಲಿ ಹತ್ತೋ ಹದಿನೈದೋ ಸೇರಿಸಿ ಕೊಡಬಹುದು ಅಂತ ಈ ವರ್ಷ ಹೊಸ ನಿಯಮ. ನಾನು 'ಮೇಲ್ದುಡ್ಡು' ಅಂತ ಬರೆದು ಬಿಟ್ಟಿದೀನಿ, ಲಂಚದ ಥರ ಕೇಳಿಸುತ್ತೆ ಅಂತ ಮನೆಯಾಕೆ ನಗ್ತಾಳೆ. ಡ್ರಾಫ್ಟ್ ಆಗಸ್ಟ್ ಕೊನೇ ವಾರ ಇದೆ, ಅದಕ್ಕೆ ಮುಂಚೆ ಯಾರಾದ್ರೂ ಸರಿಯಾದ ಪದ ಕೊಟ್ರೆ ನಿಯಮದಲ್ಲಿ ತಿದ್ದಿಬಿಡ್ತೀನಿ.