ಮೂರು ವರ್ಷ ತುಂಬದ ಮಗುವನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗಲಿ?

ಪ್ರಶ್ನೆ (ನಿಟ್ಟುವಳ್ಳಿಯ ತಾಯಿ): ಮೇಡಂ, ನಮಸ್ಕಾರ. ದಾವಣಗೆರೆಯಲ್ಲೇ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಕೆಲಸ. ಮಗನಿಗೆ ಈಗ 14 ತಿಂಗಳು. ಇಷ್ಟು ದಿನ ಅತ್ತೆ ನೋಡಿಕೊಳ್ಳುತ್ತಿದ್ದರು. ನಾದಿನಿಯ ಬಾಣಂತನಕ್ಕೆ ಅವರು ಮುಂದಿನ ತಿಂಗಳು ಊರಿಗೆ ಹೋಗುತ್ತಾರೆ. ಯಜಮಾನರು ಆಟೋ ಓಡಿಸುತ್ತಾರೆ. ಅಂಗನವಾಡಿಯಲ್ಲಿ ಕೇಳಿದರೆ ಮೂರು ವರ್ಷ ತುಂಬಲಿ ಅಂದರು. ಬೇಬಿ ಸಿಟ್ಟಿಂಗ್‌ನವರು ಹೇಳಿದ ದುಡ್ಡು ನನ್ನ ಸಂಬಳದ ಅರ್ಧ. ಸರ್ಕಾರದಿಂದ ಏನೂ ಇಲ್ವಾ?

ಉತ್ತರ (ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ): ಇದೆ ತಂಗಿ. ನೀವು ಎರಡು ಬಾಗಿಲು ತಟ್ಟಬೇಕು. ಒಂದು ಸರ್ಕಾರದ್ದು, ಇನ್ನೊಂದು ನಿಮ್ಮ ಮಾಲೀಕರದ್ದು.

ಮೊದಲು ಸರ್ಕಾರದ್ದು ಹೇಳುತ್ತೇನೆ. ಟೀಚರ್ ಹೇಳಿದ್ದು ಸುಳ್ಳಲ್ಲ. ಅಂಗನವಾಡಿಯಲ್ಲಿ ಕೂರಿಸಿಕೊಂಡು ಕಲಿಸುವುದು 3ರಿಂದ 6 ವರ್ಷದ ಮಕ್ಕಳಿಗೆ. ಆದರೂ ನಿಮ್ಮ ಮಗನ ಹೆಸರು ಅಲ್ಲಿ ಇವತ್ತೇ ಇರಬೇಕು. 6 ತಿಂಗಳು ತುಂಬಿದ ಮಗುವಿಗೆ ಮನೆಗೆ ಆಹಾರ ಕೊಡುತ್ತಾರೆ, ತೂಕ ನೋಡುತ್ತಾರೆ. ಬರೆಸಿಲ್ಲವೆಂದರೆ ನಾಳೆಯೇ ಬರೆಸಿ.

ಕೆಲಸಕ್ಕೆ ಹೋಗುವ ತಾಯಂದಿರು ಕೇಳಬೇಕಾದ ಹೆಸರು ಬೇರೆ. ಅದು ‘ಪಾಲನಾ’. ಮೊದಲು ರಾಷ್ಟ್ರೀಯ ಶಿಶುಪಾಲನಾ ಯೋಜನೆ ಅಂತ ಇತ್ತು. 2022ರಲ್ಲಿ ಹೆಂಗಸರಿಗಾಗಿ ಕೇಂದ್ರ ಸರ್ಕಾರದ ‘ಮಿಷನ್ ಶಕ್ತಿ’ ಬಂದ ಮೇಲೆ ‘ಪಾಲನಾ’ ಆಯಿತು. ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸುವುದು ಇದರಲ್ಲಿ ಸೇರಿದೆ. 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ. ಮಲಗಲು ಜಾಗ, ಊಟ, ತೂಕ, ಲಸಿಕೆ ಎಲ್ಲಾ ಸೇರಿ. ಆದರೆ ಎಲ್ಲಾ ಅಂಗನವಾಡಿಯಲ್ಲೂ ಇದು ಇರುವುದಿಲ್ಲ. ಅದಕ್ಕೇ ನಿಮ್ಮ ಓಣಿಯ ಟೀಚರ್ ಹತ್ತಿರ ಕೇಳಿ ಸುಮ್ನೆ ವಾಪಸ್ ಬರಬೇಡಿ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ, ‘ಪಾಲನಾ ಕೇಂದ್ರ ನನ್ನ ಮನೆಗೋ ಫ್ಯಾಕ್ಟರಿಗೋ ಹತ್ತಿರ ಎಲ್ಲಿದೆ’ ಅಂತ ಕೇಳಿ. ಇಲ್ಲ ಅಂದರೆ ‘ನಮ್ಮ ಕಡೆ ಬೇಕು’ ಅಂತ ಅರ್ಜಿ ಕೊಡಿ.

ಇನ್ನೊಂದು ಮಾತು. ಸೀಟು ಇದೆಯಾ ಅಂತ ಮಾತ್ರ ಕೇಳಬೇಡಿ, ಎಷ್ಟು ಗಂಟೆ ತೆರೆದಿರುತ್ತದೆ ಅಂತ ಕೇಳಿ. ಇಂಥ ಕೇಂದ್ರಗಳಿಗೆ ಇಟ್ಟ ಲೆಕ್ಕ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನಿಮ್ಮ ಶಿಫ್ಟೇ ಎಂಟೂವರೆ ಗಂಟೆ. ಹೋಗಿ ಬರುವ ಹೊತ್ತು ಸೇರಿಸಿದರೆ ಇನ್ನೂ ಜಾಸ್ತಿ. ಆ ಉಳಿದ ಹೊತ್ತಿಗೆ ಯಾರು ಅಂತ ಈಗಲೇ ಯೋಚಿಸಿ. ಯಜಮಾನರು ಆಟೋ ನಿಲ್ಲಿಸಿ ಕರೆದುಕೊಂಡು ಬರಬಹುದಾ?

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಕೇಂದ್ರ 4ಕ್ಕೆ ಮುಚ್ಚುತ್ತಿತ್ತು. ಒಂದು ಸಂಜೆ 5 ಗಂಟೆ ದಾಟಿದ ಮೇಲೆ ಆ ಕಡೆ ಹೋದೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಸಹಾಯಕಿ ಕೂತಿದ್ದಾಳೆ. ತೊಡೆ ಮೇಲೆ ಮೂರು ವರ್ಷದ ಹುಡುಗಿ ನಿದ್ದೆ ಮಾಡುತ್ತಿದೆ, ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದುಕೊಂಡೇ. ತಾಯಿ ಮಂಡಕ್ಕಿ ಭಟ್ಟಿಯಿಂದ ಬರುವುದು ಕತ್ತಲಾಗುವಾಗ. ‘ದಿನಾ ಹಿಂಗೇನಾ?’ ಅಂದೆ. ‘ಬಿಟ್ಟು ಹೋಗಕ್ಕೆ ಮನಸ್ಸು ಬರಲ್ಲ ಮೇಡಂ’ ಅಂದಳು. ಆ ಹೊತ್ತಿಗೆ ಅವಳಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಅವಳ ಒಳ್ಳೆಯತನದ ಮೇಲೆ ಒಂದು ಮಗುವಿನ ಸಂಜೆ ನಿಂತಿತ್ತು. ಹಾಗಾಗಬಾರದು.

ಈಗ ಮಾಲೀಕರ ಬಾಗಿಲು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಯಿತು. 26 ವಾರದ ರಜೆ ಬಂದಿದ್ದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತಲೂ ಬಂತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು, ಈ ನಿಯಮ ಅದರಲ್ಲೂ ಇದೆ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು.

ಅದೇ ತಾಯಿ: ನಾಲ್ಕು ಸಲ ಎದ್ದು ಹೋದರೆ ಸೂಪರ್‌ವೈಸರ್ ಬಿಡುತ್ತಾರಾ ಮೇಡಂ? ಟಾರ್ಗೆಟ್ ಅಂತ ಬೈಯುತ್ತಾರೆ. ಮಗ ಇನ್ನೂ ಹಾಲು ಕುಡಿಯುತ್ತಾನೆ.

ಉತ್ತರ: ಬಿಡಬೇಕು. ಅದು ಅವರ ಉಪಕಾರ ಅಲ್ಲ. ಊಟದ ವಿರಾಮವೂ ಆ ನಾಲ್ಕರಲ್ಲೇ ಸೇರುತ್ತದೆ, ಅದು ನೆನಪಿರಲಿ. ಹಾಲು ಕೊಡುವುದಕ್ಕೆ ಅಂತಲೇ ದಿನಕ್ಕೆ ಎರಡು ವಿರಾಮ ಅದೇ ಕಾನೂನಿನಲ್ಲಿದೆ, ಮಗುವಿಗೆ 15 ತಿಂಗಳು ಆಗುವವರೆಗೆ. ನಿಮಗೆ ಉಳಿದಿದ್ದು ಒಂದೇ ತಿಂಗಳು. ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಅಂತ ನನಗೆ ಸಂಕಟ ಆಗುತ್ತದೆ.

ಒಬ್ಬರೇ ಹೋಗಿ ಕೇಳಬೇಡಿ. ಚಿಕ್ಕ ಮಕ್ಕಳಿರುವ ನಾಲ್ಕೈದು ಜನ ಸೇರಿ, ಮಕ್ಕಳ ವಯಸ್ಸು ಬರೆದು, ಸಹಿ ಹಾಕಿ ಕೊಡಿ.

ಪ್ರಶ್ನೆ (ಹರಿಹರದಿಂದ): ಅಕ್ಕಾ, ನಮ್ಮಲ್ಲಿ ಕೇಳಿದಾಗ ‘ಹೆಂಗಸರು 50 ಇಲ್ಲ, ಮೂವತ್ತೇ ಜನ ಇರೋದು’ ಅಂದುಬಿಟ್ಟರು. ಒಟ್ಟು 80 ಜನ ಇದ್ದೇವೆ.

ಉತ್ತರ: ನಾನು ಹೇಳಿದ ಹೆರಿಗೆ ಸೌಲಭ್ಯದ ಕಾನೂನಿನ ಲೆಕ್ಕ ಹೆಂಗಸರದ್ದಲ್ಲ, ಕೆಲಸಗಾರರದ್ದು. ಗಂಡಸರು, ಹೆಂಗಸರು ಸೇರಿ 50. ನೀವು 80 ಜನ ಅಂದ ಮೇಲೆ ಪ್ರಶ್ನೆಯೇ ಇಲ್ಲ. ‘ಮೂವತ್ತು ಹೆಂಗಸರು’ ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ ಮಾತು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಅಂತ ಅದರಲ್ಲಿತ್ತು. ಎರಡನ್ನೂ ಕಲಸಿ ನಿಮ್ಮನ್ನು ವಾಪಸ್ ಕಳಿಸಿದ್ದಾರೆ. ಬರೆದು ಕೊಟ್ಟರೂ ಕೇಳದಿದ್ದರೆ ಆ ಅರ್ಜಿಯ ಪ್ರತಿ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ.

ಪ್ರಶ್ನೆ (ಚನ್ನಗಿರಿ ಕಡೆಯ ಹಳ್ಳಿಯಿಂದ): ನಮ್ಮ ತಂಗಿ ಅಡಿಕೆ ಸುಲಿಯಲು ಹೋಗುತ್ತಾಳೆ. ಎರಡು ವರ್ಷದ ಮಗುವನ್ನು ಅಲ್ಲೇ ಗೋಣಿಚೀಲದ ಮೇಲೆ ಕೂರಿಸಿಕೊಳ್ಳುತ್ತಾಳೆ. ಪಕ್ಕದಲ್ಲೇ ಕತ್ತಿ. ಮಕ್ಕಳನ್ನು ನೋಡಿಕೊಳ್ಳುವ ಪಂಚಾಯಿತಿಯ ‘ಕೂಸಿನ ಮನೆ’ ನರೇಗಾದವರಿಗೆ ಮಾತ್ರಾನಾ?

ಉತ್ತರ: ಅಲ್ಲ. 2023ರ ಜುಲೈ ಬಜೆಟ್‌ನಲ್ಲಿ ಹೇಳಿದಾಗಲೇ ನರೇಗಾ ಕೂಲಿಯವರ ಜೊತೆ ಹಳ್ಳಿಯ ಇತರ ದುಡಿಯುವ ಹೆಂಗಸರ ಮಕ್ಕಳನ್ನೂ ಸೇರಿಸಿದ್ದರು. 4,000 ಗ್ರಾಮ ಪಂಚಾಯಿತಿಗಳಲ್ಲಿ ಅಂತ ಘೋಷಣೆ ಆಯಿತು. ಅಡಿಕೆ ಸುಲಿಯುವುದೂ ದುಡಿಮೆಯೇ ಅಲ್ವಾ? ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಹತ್ತಿರ ಹಾಗೇ ಹೇಳಿ. ಸುಗ್ಗಿ ಶುರುವಾಗುವ ಮೊದಲೇ ಹೋಗಿ. ಕತ್ತಿಯ ಪಕ್ಕ ಮಗು ಕೂರುವುದು ಒಂದು ದಿನವೂ ಬೇಡ ಅಣ್ಣ. ಅಲ್ಲಿಯವರೆಗೆ ಸುಲಿಯುವವರಲ್ಲೇ ಒಬ್ಬರು ಸರದಿ ಮೇಲೆ ಮಕ್ಕಳನ್ನು ನೋಡಿಕೊಂಡು, ಉಳಿದವರು ಅವರಿಗೆ ಕೂಲಿ ಹಂಚಿಕೊಡಲಿ.

ನಿಟ್ಟುವಳ್ಳಿಯ ತಾಯಿ: ನಾಲ್ಕು ಜನ ಆಗಿದ್ದೇವೆ ಮೇಡಂ. ಸೋಮವಾರ ಅರ್ಧ ದಿನ ರಜೆ ಹಾಕಿ ಸಿಡಿಪಿಒ ಕಚೇರಿಗೆ ಹೋಗುತ್ತೇವೆ. ಏನೇನು ತೆಗೆದುಕೊಂಡು ಹೋಗಬೇಕು?

ಉತ್ತರ: ತುಂಬಾ ಸಂತೋಷ ಆಯಿತು. ಮಗುವಿನ ಜನನ ಪ್ರಮಾಣ ಪತ್ರ, ತಾಯಿ ಕಾರ್ಡ್, ನಿಮ್ಮ ಆಧಾರ್, ಫ್ಯಾಕ್ಟರಿಯ ಗುರುತಿನ ಚೀಟಿ, ಎಲ್ಲದರ ಜೆರಾಕ್ಸ್. ಅರ್ಜಿ ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಕೇಂದ್ರ ತೋರಿಸಿದರೆ ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೆ ಹೋಗಿ ನೋಡಿ. ಚಾಪೆ ಒಣಗಿದೆಯಾ, ಒಲೆ ಬೇರೆ ಕೋಣೆಯಲ್ಲಿದೆಯಾ, ಎಷ್ಟು ಮಕ್ಕಳಿಗೆ ಎಷ್ಟು ಜನ ಇದ್ದಾರೆ ನೋಡಿ. ಸಂಜೆ ಕರೆದುಕೊಂಡು ಹೋಗಲು ನಿಮ್ಮ ಜೊತೆ ಯಜಮಾನರ ಹೆಸರನ್ನೂ ಬರೆಸಿ. ಮೊದಲ ವಾರ ಅಳುತ್ತಾನೆ. ಅತ್ತೆ ಊರಿಗೆ ಹೋಗುವ ಮೊದಲೇ ದಿನಕ್ಕೆ ಒಂದೆರಡು ಗಂಟೆ ಬಿಟ್ಟು ರೂಢಿ ಮಾಡಿಸಿ.