ಹೆದ್ದಾರಿಗೂ ತೋಟದ ದಾರಿಗೂ ಒಂದೇ ಟೈರ್: ಯಾವುದು ಸೂಕ್ತ?

ಪ್ರಶ್ನೆ (ತುಮಕೂರು): ನನ್ನ ಎಸ್‌ಯುವಿಯ 245/65 ಆರ್ 17 ಅಳತೆಯ (ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇ 65, ರಿಮ್ 17 ಇಂಚು) ಟೈರ್‌ಗಳು ಸವೆದಿವೆ. ವಾರದಲ್ಲಿ ಐದು ದಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗಿಬರುವ ನಾನು, ಭಾನುವಾರ ಮಧುಗಿರಿ ಕಡೆಯ ತೋಟಕ್ಕೆ ಮೂರು ಕಿಲೋಮೀಟರ್ ಕಲ್ಲುದಾರಿಯಲ್ಲಿ ಸಾಗಬೇಕು. ಮಳೆ ಬಂದರೆ ಅದೆಲ್ಲ ಕೆಸರು. ಡಾಂಬರು, ಕಚ್ಚಾ ದಾರಿ ಎರಡಕ್ಕೂ ಆಗುವ ಆಲ್-ಟೆರೇನ್ ಟೈರ್ ಹಾಕಿಸಬಹುದೇ? ಅಗಲವಾದ 255/65 ಆದೀತೇ?

ಉತ್ತರ (ಶಿರಾ): ಹಾಕಿಸಬಹುದು. ಆದರೆ ನಿಮ್ಮ ಓಡಾಟದ ಬಹುಪಾಲು ಡಾಂಬರಿನ ಮೇಲೆಯೇ ಇರುವುದರಿಂದ, ಹಲ್ಲುಗಳ ನಡುವೆ ಹೆಚ್ಚು ಅಂತರವಿರುವ ಒರಟು ಮಾದರಿಗಿಂತ ಸೌಮ್ಯವಾದ ಮಾದರಿಯನ್ನೇ ಆರಿಸಿಕೊಳ್ಳಿ. ಒರಟಾದಷ್ಟೂ ಸದ್ದು ಹೆಚ್ಚುತ್ತದೆ, ಮೈಲೇಜ್ ಇಳಿಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತವೂ ತಗ್ಗಬಹುದು. 255/65 ಹಾಕಿದರೆ ಚಕ್ರದ ವ್ಯಾಸ 13 ಮಿಲಿಮೀಟರ್ ಹೆಚ್ಚಾಗಿ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸುಮಾರು ಶೇ 1.7ರಷ್ಟು ಕಡಿಮೆ ತೋರಿಸುವತ್ತ ವಾಲುತ್ತದೆ. ಮೂಲ ಅಳತೆಯೇ ಸಾಕು.

ಉತ್ತರ (ಕೊರಟಗೆರೆ): ಭಾರ ಸೂಚ್ಯಂಕವನ್ನು ಮರೆಯಬೇಡಿ. 111 ಎಂದಿದ್ದರೆ ಆ ಟೈರ್ ಗರಿಷ್ಠ 1,090 ಕಿಲೋ ಹೊರಬಲ್ಲದು, 107 ಆದರೆ 975. ಮೂಲ ಟೈರಿಗಿಂತ ಕಡಿಮೆಯದನ್ನು ಒಪ್ಪಲೇಬೇಡಿ. ತಯಾರಿಕೆಯ ಸಂಖ್ಯೆಯನ್ನೂ ನೋಡಿ: 2324 ಎಂದರೆ 2024ರ 23ನೇ ವಾರ. ಅಂಗಡಿಯವರೊಬ್ಬರು ನನಗೆ ಮೂರು ವರ್ಷ ಹಳೆಯ ಸರಕನ್ನು ಹೊಸದೆಂದೇ ಕೊಡಲು ಬಂದಿದ್ದರು! ನಮ್ಮ ಕಡೆಯ ಕಲ್ಲು ಹೆಚ್ಚಾಗಿ ಸೀಳುವುದು ಟೈರಿನ ಪಕ್ಕೆಯನ್ನು, ಆದ್ದರಿಂದ ಗಟ್ಟಿ ಪಕ್ಕೆಗೆ ಆದ್ಯತೆ ಕೊಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಕೆಸರಿನಲ್ಲಿ ಗಾಳಿ ಇಳಿಸಬೇಕೇ?

ಉತ್ತರ (ಶಿರಾ): ಸಿಕ್ಕಿಕೊಂಡಾಗ ಸ್ವಲ್ಪ ಇಳಿಸಿದರೆ ಹಿಡಿತ ಸಿಗುತ್ತದೆ. ಆದರೆ ಹೆದ್ದಾರಿ ಏರುವ ಮೊದಲು ಮತ್ತೆ ತುಂಬಿಸಲೇಬೇಕು, ಇಲ್ಲವಾದರೆ ಟೈರ್ ಕಾದು ಸಿಡಿಯುವ ಅಪಾಯವಿದೆ. ಹಾಗಾಗಿ 12 ವೋಲ್ಟ್‌ನ ಗಾಳಿ ಪಂಪೊಂದು ಗಾಡಿಯಲ್ಲೇ ಇರಲಿ.