ಪದಚರ್ಚೆ: ಎಐ ‘ಸುರಕ್ಷತೆ’ಯೋ ‘ಭದ್ರತೆ’ಯೋ?

ಎಲ್ಲರಿಗೂ ನಮಸ್ಕಾರ.

ಎಐ ಕಾನೂನುಗಳ ಮೇಲೊಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೇಫ್ಟಿ, ಸೆಕ್ಯುರಿಟಿ ಎರಡೂ ಬಂದ ಕಡೆ ತಡವರಿಸುತ್ತಿದ್ದೇನೆ. ಪತ್ರಿಕೆಗಳಲ್ಲಿ ಸೈಬರ್ ಸುರಕ್ಷತೆಯೂ ಇದೆ, ಸೈಬರ್ ಭದ್ರತೆಯೂ ಇದೆ. ಅಲ್ಲಿ ಹೇಗೋ ನಡೆಯುತ್ತದೆ. ಇಲ್ಲಿ ಆಗುವುದಿಲ್ಲ, ಯಾಕೆಂದರೆ ಜಗಳವೇ ಈ ಎರಡು ಪದಗಳ ನಡುವೆ.

ಬ್ರಿಟನ್ ನೋಡಿ. 2023ರ ನವೆಂಬರಿನಲ್ಲಿ ಅಲ್ಲಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಎಐ ಕುರಿತ ಅಂತರರಾಷ್ಟ್ರೀಯ ಸಭೆ ನಡೆದಾಗ ಮಾತೆಲ್ಲ ಸೇಫ್ಟಿಯದೇ. ಅಮೆರಿಕ, ಚೀನಾ, ಭಾರತ ಮೂರೂ ಒಂದೇ ಹೇಳಿಕೆಗೆ ಒಪ್ಪಿದವು. 2025ರ ಫೆಬ್ರವರಿಗೆ ಗಾಳಿ ಬದಲಾಯಿತು. ಪ್ಯಾರಿಸ್‌ನಲ್ಲಿ ನಡೆದ ಇಂಥದೇ ಸಭೆಯ ಹೇಳಿಕೆಗೆ ಅಮೆರಿಕ, ಬ್ರಿಟನ್ ಸಹಿ ಹಾಕಲಿಲ್ಲ. ಅದೇ ವಾರ ಬ್ರಿಟನ್, ಎಐ ಅಪಾಯಗಳನ್ನು ಪರೀಕ್ಷಿಸುವ ತನ್ನ ಸರ್ಕಾರಿ ಎಐ ಸೇಫ್ಟಿ ಇನ್‌ಸ್ಟಿಟ್ಯೂಟ್‌ನ ಹೆಸರನ್ನು ಸೆಕ್ಯುರಿಟಿ ಇನ್‌ಸ್ಟಿಟ್ಯೂಟ್ ಎಂದು ಬದಲಿಸಿತು. ಪಕ್ಷಪಾತದಂಥ ವಿಷಯ ನಮ್ಮ ಗಮನವಲ್ಲ, ಅಪರಾಧ ಮತ್ತು ದೇಶದ ರಕ್ಷಣೆ ಮುಖ್ಯ ಎಂದಿತು. ಎರಡಕ್ಕೂ ‘ಸುರಕ್ಷತಾ ಸಂಸ್ಥೆ’ ಎಂದು ಬರೆದರೆ ಓದುಗರಿಗೆ ಏನೂ ಆಗಿಲ್ಲ ಅನಿಸುತ್ತದೆ, ಅಲ್ವಾ? ಅಮೆರಿಕ ಅದೇ ವರ್ಷದ ಜೂನ್‌ನಲ್ಲಿ ತನ್ನ ಇಂಥದೇ ಸಂಸ್ಥೆಯ ಹೆಸರಿನಿಂದ ಸೇಫ್ಟಿಯನ್ನೇ ಕಿತ್ತುಹಾಕಿತು.

ಐರೋಪ್ಯ ಒಕ್ಕೂಟದ ಕಾಯ್ದೆಯಲ್ಲಿ ತೊಂದರೆ ಕಡಿಮೆ. ಅದು ಜನರ ಆರೋಗ್ಯ, ಹಕ್ಕುಗಳ ಜೊತೆಗೇ ಸೇಫ್ಟಿಯನ್ನು ಹೇಳುತ್ತದೆ, ‘ಸುರಕ್ಷತೆ’ ಸಾಕು.

ಕನ್ನಡದಲ್ಲಿ ಈ ಭೇದ ಇಲ್ಲದೇನಿಲ್ಲ. ಆಹಾರ ಸುರಕ್ಷತೆ ಅಂದರೆ ಅಧಿಕಾರಿ ಹೋಟೆಲಿನ ಅಡುಗೆಮನೆಗೆ ಬಂದು ಎಣ್ಣೆ ನೋಡುವುದು. ಆಹಾರ ಭದ್ರತೆ ಅಂದರೆ ರೇಷನ್ ಅಂಗಡಿ. ಹಾಗಾಗಿ ಎಐ ಬರಹದಲ್ಲೂ ಎರಡನ್ನು ಬೇರೆ ಮಾಡಿ, ಯಂತ್ರದಿಂದಲೇ ಆಗುವ ಕೆಡುಕಿಗೆ ಸುರಕ್ಷತೆ, ಶತ್ರುವಿನ ಕೈಯಿಂದ ಆಗುವ ಕೆಡುಕಿಗೆ ಭದ್ರತೆ ಎಂದು ಇಟ್ಟುಕೊಂಡಿದ್ದೇನೆ.

ಸಿಕ್ಕಿಬಿದ್ದಿರುವುದು ಚೀನಾದಲ್ಲಿ. ಚೀನೀ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ, ‘ಆನ್‌ಚ್ಯುಯೆನ್’. 2023ರ ಆಗಸ್ಟ್ 15ರಂದು ಜಾರಿಯಾದ ನಿಯಮಗಳ ಪ್ರಕಾರ, ಜನಾಭಿಪ್ರಾಯದ ಮೇಲೆ ಪ್ರಭಾವ ಬೀರಬಲ್ಲ ಎಐ ಸೇವೆಗಳು ಈ ‘ಆನ್‌ಚ್ಯುಯೆನ್’ ಪರೀಕ್ಷೆಗೆ ಒಳಪಡಬೇಕು. ಬಳಸುವವರ ಹಿತವೂ ಅದರಲ್ಲಿದೆ, ಸರ್ಕಾರದ ಹಿತವೂ ಇದೆ. ‘ಸುರಕ್ಷತೆ’ ಅಂದರೆ ತೀರಾ ಸಾಧುವಾಗುತ್ತದೆ. ‘ಭದ್ರತೆ’ ಅಂದರೆ ಪೊಲೀಸರೇ ಕಣ್ಮುಂದೆ ಬರುತ್ತಾರೆ. ‘ಕಾಪು’ ಎಂದು ಗೆಳೆಯರೊಬ್ಬರು ಸೂಚಿಸಿದರು. ನನಗಂತೂ ಉಡುಪಿ ಪಕ್ಕದ ಊರೇ ನೆನಪಾಯಿತು!

ನೀವಾದರೆ ಇಲ್ಲಿ ಯಾವ ಪದ ಹಾಕುತ್ತೀರಿ? ಸಂದರ್ಭ ನೋಡಿ ಬದಲಿಸುತ್ತೀರೋ, ಅಥವಾ ಒಂದನ್ನೇ ಹಿಡಿದು ಅಡಿಟಿಪ್ಪಣಿ ಕೊಡುತ್ತೀರೋ?